ಎಂಟನೆಯ ಅಕ್ಕಮ್ಮ

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ಮುಖ್ಯೋಪಾಧ್ಯಾಯ ಜಯರಾಮಯ್ಯನವರೇ, ಶಾಮಿಯಾನದ ನೆರಳು ಸಿಗದೆಯೂ ಕದಲದ ಸಭಿಕರೇ,

ಇವರನ್ನು ಹೊಗಳಲು ನನ್ನನ್ನು ಕರೆದಿದ್ದೀರಿ. ಆರು ವರ್ಷ ಇವರ ಮೇಲೆ ಅರ್ಜಿ ಬರೆದವನು ನಾನೇ. ಜಿಲ್ಲಾ ಕಚೇರಿಗೆಂದು ಕೃಷ್ಣಗಿರಿಗೆ ಬರೆದೆ, ಸರ್ಕಾರಕ್ಕೆಂದು ಚೆನ್ನೈಗೆ ಬರೆದೆ. ತಮಿಳಿನಲ್ಲಿ ಬರೆದೆ, ಕನ್ನಡದಲ್ಲಿ ಬರೆದೆ. ಉತ್ತರ ಯಾವ ಭಾಷೆಯಲ್ಲೂ ಬರಲಿಲ್ಲ.

ವಿಷಯ, ಒಂದು ಕಲ್ಲು. ನನ್ನ ತಾತ ಆವುಲಪ್ಪನವರು ಸಾನಮಾವಿನ ಹೊಲದಲ್ಲಿ ರಾಗಿ ಕಳೆ ತೆಗೆಯುತ್ತಿದ್ದಾಗ ಆಕಾಶದಿಂದ ಬಿದ್ದ ಉಲ್ಕೆ. ಮೈಯೆಲ್ಲ ಕಪ್ಪು, ಮುದ್ದೆಗೆ ಹೆಬ್ಬೆರಳು ಒತ್ತಿದಂಥ ಗುಳಿಗಳು. ಅಯಸ್ಕಾಂತ ಟಕ್ಕನೆ ಅಂಟುತ್ತದೆ. ಅಪ್ಪನನ್ನು ಕೇಳದೆ ಅದನ್ನು ಈ ಶಾಲೆಗೆ ಕೊಟ್ಟೆ. ಅವರು ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಅದು ಈಗ ಬೇಡ. ಜಯರಾಮಯ್ಯನವರು ಕಲ್ಲಿನ ತಳಕ್ಕೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದು ಗಾಜಿನ ಬೀರುವಿನಲ್ಲಿಟ್ಟರು.

ಹಳೆಯ ಕಟ್ಟಡ ಕೆಡವಿದ ವಾರ ಕಲ್ಲು ಕಾಣೆಯಾಯಿತು. ಇಂಥ ಕಲ್ಲುಗಳನ್ನು ದುಡ್ಡು ಕೊಟ್ಟು ಸಂಗ್ರಹಿಸುವವರು ಲೋಕದ ತುಂಬ ಇದ್ದಾರೆಂದು ಓದಿದ್ದ ನಾನು, ಇವರೇ ಮಾರಿಕೊಂಡರೆಂದು ಇದೇ ಮೈದಾನದಲ್ಲಿ ಕೂಗಿ ಹೇಳಿದೆ. ಅಂದಿನಿಂದ ಇವರ ಮನೆಯವರು ಯಾರ ಮದುವೆ ಊಟಕ್ಕೂ ಹೋಗಲಿಲ್ಲ. ಹೊಣೆ ಯಾರು? ನಾನು.

ಕಳೆದ ಮಂಗಳವಾರ, ಶಾಲೆ ಗುಡಿಸುವ ದೊಡ್ಡಮುನಿಯಮ್ಮನವರ ಹೊಲದಲ್ಲಿ ಅಕ್ಕಮ್ಮಗಳ ಪೂಜೆಗೆ ಹೋಗಿದ್ದೆ. ಈ ದೇವತೆಗಳು ಏಳು ಜನ ಅಕ್ಕತಂಗಿಯರು, ಹೊಂಗೆ ಮರದಡಿ ನಿಲ್ಲಿಸುವ ಕಲ್ಲೂ ಏಳೇ. ನಾನು ಎಣಿಸಿದೆ. ಎಂಟಿದ್ದವು. ಎಂಟನೆಯದು ಕಪ್ಪಗೆ, ಹರಳೆಣ್ಣೆಯಲ್ಲಿ ಮಿರುಗುತ್ತಿತ್ತು. ದೊಡ್ಡಮುನಿಯಮ್ಮನವರೇ ಹೇಳಿದರು:

‘ಮೇಲಿಂದ ಬಂದ ದ್ಯಾವ್ರನ್ನ ಮಣ್ಣು ಜೊತೆ ಟ್ರಾಕ್ಟರ್‌ಗೆ ಹಾಕ್ಬುಟ್ಟಿದ್ರು ಸಾಮಿ, ಎತ್ಕೊಂಡ್ ಬಂದೆ. ನೀರು ಹುಯ್ದ್ರೆ ಕುಯ್ಯೋ ಕುಡ್ಲಿಗೆ ಹಿಡ್ದಂಗೆ ತುಕ್ಕು ಹಿಡೀತದೆ, ಅದ್ಕೇ ಬರೀ ಎಣ್ಣೆ.’

‘ಯಾಕಮ್ಮ ಹೇಳಲಿಲ್ಲ?’

‘ಹೇಳಿದ್ರೆ ನನ್ ಮ್ಯಾಲೂ ಬರೀತಿದ್ರಿ ಅಲ್ವಾ?’

ಬರೆಯುತ್ತಿದ್ದೆ ಸಭಿಕರೇ. ಖಂಡಿತ ಬರೆಯುತ್ತಿದ್ದೆ.

ಕಲ್ಲನ್ನು ಅವರು ಕೊಟ್ಟರು. ಎಣ್ಣೆ ಹಚ್ಚಲು ಬೀರುವಿನ ಬೀಗದಕೈ ತಮ್ಮ ಹತ್ತಿರವೇ ಇರಬೇಕೆಂದರು. ನ್ಯಾಯವೇ. ನಮ್ಮ ಗಾಜಿಗಿಂತ ಅವರ ಎಣ್ಣೆ ಚೆನ್ನಾಗಿ ಕಾಪಾಡಿದೆ.

ಇಂದು ಬೆಳಿಗ್ಗೆ ಅದನ್ನು ಎತ್ತಿಕೊಂಡು ಮತ್ತಿಗಿರಿಯ ಇವರ ಮನೆಗೆ ಹೋದೆ. ಇವರು ನನ್ನ ಮುಖ ನೋಡಲಿಲ್ಲ. ಕಲ್ಲನ್ನು ಮಗುಚಿ, ತಾವೇ ಬರೆದ ಸಂಖ್ಯೆ ಕಂಡು, ಮೆಟ್ಟಿಲ ಮೇಲೆ ಕುಳಿತರು. ಒಳಗೆ ತಿರುಗಿ ಹೆಂಡತಿಗೆ ಅಂದರು: ‘ಕನಕಾ, ಅಡಿಗೆ ಮಾಡ್ಬ್ಯಾಡ. ಸ್ಕೂಲ್ನಾಗೆ ಎಲ್ರ ಜೊತೆ ಉಣ್ಣನ ಬಾ.’

ಕನಕಮ್ಮನವರು ಮೊದಲ ಸಾಲಿನಲ್ಲಿದ್ದಾರೆ. ಅಮ್ಮ, ನಿಮ್ಮಿಬ್ಬರ ಕ್ಷಮೆ ಕೇಳುತ್ತೇನೆ. ಅರ್ಜಿಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ಇಂದು ನಿಮ್ಮ ಎಲೆಗೆ ಬಡಿಸುವವನು ನಾನು. ಅನ್ನ ಆರುವ ಮೊದಲು ಮಾತು ನಿಲ್ಲಿಸುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.