ಯಾರೂ ಮುಟ್ಟದ ಎಣ್ಣೆಗಾಯಿ

ಸಮುದ್ರ ದಾಟಿದರೆ ಒಂದು ಊರು, ಆ ಊರಲ್ಲೊಬ್ಬ ಸಾಹುಕಾರ. ಯಾವ ಊರು ಸ್ವಾಮೀಜಿ ಅಂತ ಕೇಳಬೇಡಿ. ನಿಮ್ಮ ಊರಲ್ಲ ಬಿಡಿ. ಯಾಕೆ, ಈಗಲೇ ಪಕ್ಕದವರ ಮುಖ ನೋಡುತ್ತಿದ್ದೀರಲ್ಲ? ಹಾವೇರಿ ಕಡೆಯಿಂದ ಒಂದು ಸೂಟ್‌ಕೇಸ್ ಹಿಡಿದು ಹೋದವನು. ಇಪ್ಪತ್ತೈದು ವರ್ಷ ದುಡಿದ, ನಾಲ್ಕು ಅಂಗಡಿ ಮಾಡಿದ, ದೊಡ್ಡ ಮನೆ ಕಟ್ಟಿಸಿದ. ಕನ್ನಡ ಸಂಘದಲ್ಲಿ ಮೊದಲ ಸಾಲಿನ ಕುರ್ಚಿ ಅವನದೇ. ಎಲ್ಲ ಇತ್ತು. ಊಟ ಮಾತ್ರ ಇಳಿಯುತ್ತಿರಲಿಲ್ಲ.

ಹೌದು, ಊಟ. ತುತ್ತು ಬಾಯಿಗಿಟ್ಟರೆ ಗಂಟಲಲ್ಲಿ ಏನೋ ಅಡ್ಡ ಕೂತ ಹಾಗೆ. ಆರು ತಿಂಗಳಲ್ಲಿ ಹದಿನಾಲ್ಕು ಕಿಲೋ ಇಳಿದ. ಡಾಕ್ಟರ ಹತ್ತಿರ ಹೋದ. ನೋಡಿ, ಆ ಡಾಕ್ಟರು ಒಳ್ಳೆಯವರೇ. ಕೊಳವೆ ಬಿಟ್ಟು ನೋಡಿದರು, ಸ್ಕ್ಯಾನ್ ಮಾಡಿಸಿದರು, ರೋಗ ಏನೂ ಇಲ್ಲ ಅಂದರು. "ನೋವು ಒಂದರಿಂದ ಹತ್ತರೊಳಗೆ ಎಷ್ಟು?" ಎಂದು ಕೇಳಿದರು. ಇವನಿಗೆ ಆಗುತ್ತಿದ್ದದ್ದು ನೋವಲ್ಲ, ಸಂಕಟ. ಸಂಕಟಕ್ಕೆ ಎಷ್ಟು ನಂಬರ್ ಕೊಡೋಣ? ನೀವೇ ಹೇಳಿ, ನೀವು ಓದಿದವರು. ಇವನು "ನಾಲ್ಕು" ಅಂದು ಎದ್ದು ಬಂದ.

ಏನದು ಸಂಕಟ? ಒಬ್ಬಳೇ ಮಗಳು. ಡಾಕ್ಟರಿಕೆ ಓದಲು ಸೇರಿದವಳು ಎರಡನೇ ವರ್ಷಕ್ಕೆ "ಅಪ್ಪಾ, ನನ್ನ ಕೈಲೆ ಆಗೂದಿಲ್ಲ" ಎಂದು ಬಿಟ್ಟು ಬಂದಳು. ಬಂದು ಬೇಕರಿ ಇಟ್ಟಳು. ಚೆನ್ನಾಗಿ ನಡೆಯುವ ಬೇಕರಿ. ಆದರೆ ಸಾಹುಕಾರ ಅಷ್ಟರಲ್ಲಿ ಸಂಘದ ತುಂಬ "ನನ್ನ ಮಗಳು ಡಾಕ್ಟರ್" ಎಂದು ಸಾರಿಬಿಟ್ಟಿದ್ದ. ಈಗ ಯಾವ ಮುಖದಲ್ಲಿ ನಿಜ ಹೇಳುವುದು? "ನೀ ಸಂಘದ ಕಡೆ ಬರಬ್ಯಾಡವಾ, ಮಂದಿ ಕೇಳ್ತಾರ" ಎಂದ. ಅವಳು ಸಂಘಕ್ಕೂ ಬರಲಿಲ್ಲ, ಅಪ್ಪನ ಮನೆಗೂ ಬರಲಿಲ್ಲ. ಎರಡು ವರ್ಷ! ಮನೆಯಿಂದ ಬೇಕರಿಗೆ ಕಾರಿನಲ್ಲಿ ಇಪ್ಪತ್ತು ನಿಮಿಷ. ಎಂಥಾ ಅಪ್ಪನಪ್ಪ ಇವನು ಅನಿಸುತ್ತದೆ ಅಲ್ಲವೇ? ಸ್ವಲ್ಪ ತಡೆಯಿರಿ.

ನಮ್ಮವರ ಕಿರಾಣಿ ಅಂಗಡಿಯ ಗೋಡೆಯ ಮೇಲೆ ಒಂದು ಚೀಟಿ ಇತ್ತು. ಸಕಲ ಸಮಸ್ಯೆಗಳಿಗೂ ಪರಿಹಾರ ಕೊಡುವ ಗುರೂಜಿ, ಅದೇ ಅಂಗಡಿಯ ಹಿಂದಿನ ಕೋಣೆ. ಸಾಹುಕಾರ ಅಲ್ಲಿಗೆ ಹೋದ. ದಡ್ಡನಾ? ನಾಲ್ಕು ಅಂಗಡಿ ನಡೆಸುವವನು ದಡ್ಡನಾ? ಗುರೂಜಿ ಬಾಗಿಲು ತೆಗೆದು ಕೇಳಿದ್ದು ಒಂದೇ ಮಾತು: "ಬರ್ರಿ ಬರ್ರಿ, ಊಟ ಆತೇನ್ರಿ?"

ಅಷ್ಟೇ! ಸಾಹುಕಾರ ಕುಕ್ಕರಿಸಿ ಕೂತು ಅತ್ತ. ಒಂದು ತಾಸು ಅತ್ತ, ಮಗಳ ವಿಷಯ ಎಲ್ಲ ಹೇಳಿದ. ಗುರೂಜಿ ಗಡಿಯಾರ ನೋಡಲಿಲ್ಲ. ಸಾಹುಕಾರ ಮನೆಗೆ ಹೋಗಿ ಊಟಕ್ಕೆ ಕೂತರೆ ಅರ್ಧ ರೊಟ್ಟಿ ಸಲೀಸಾಗಿ ಇಳಿಯಿತು. ಪವಾಡ, ಪವಾಡ ಎಂದು ಕುಣಿದ.

ಆದರೆ ಇವನು ಎದ್ದು ಬರುವಾಗ ಗುರೂಜಿ ಒಂದು ವ್ರತ ಕೊಟ್ಟಿದ್ದರು. ನಲವತ್ತೆಂಟು ದಿನ ಬದನೆಕಾಯಿ ಮುಟ್ಟಬಾರದು. ಮತ್ತೆ, ಈ ಮಾತು ಯಾರ ಮುಂದೆಯೂ ಬಾಯಿಬಿಡಬಾರದು. ಬಿಟ್ಟರೆ ಫಲ ಹೋಯಿತು. ಹೂಂ, ನಗುತ್ತೀರಿ. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವ ಗಾದೆ ನೆನಪಾಯಿತು ಅಲ್ಲವೇ? ಅದನ್ನು ಜನ ಕಟ್ಟಿದ್ದೇ ನನ್ನಂಥವರ ಮೇಲೆ, ನನಗೆ ಗೊತ್ತಿದೆ! ಸಾಹುಕಾರ ಮಾತ್ರ ಭಕ್ತಿಯಿಂದ ಬಾಯಿ ಹೊಲಿದುಕೊಂಡ. ಮೂರನೇ ದಿನಕ್ಕೆ ಗಂಟಲು ಮತ್ತೆ ಕಟ್ಟಿತು.

ಹೀಗಿರುವಾಗ ಬಸವ ಜಯಂತಿ ಬಂತು. ಸಂಘದ ಪದ್ಧತಿ ನಿಮಗೆ ಗೊತ್ತು, ಮನೆಗೊಂದು ಅಡುಗೆ. ನೀಲಮ್ಮ ಎಂಬ ಹಿರಿಯರು ಆ ಊರಿನಲ್ಲಿದ್ದ ತಮ್ಮ ಮಗಳ ಮನೆಗೆ ಹೊಸದಾಗಿ ಬಂದಿದ್ದರು. ಅವರು ನಸುಕಿನಲ್ಲೇ ಎದ್ದು, ಗುರೆಳ್ಳು, ಶೇಂಗಾ ಹುರಿದು ಕುಟ್ಟಿ, ನೂರೈವತ್ತು ಎಳೆಯ ಬದನೆಕಾಯಿಗೆ ತುಂಬಿ ಎಣ್ಣೆಗಾಯಿ ಮಾಡಿ ತಂದರು. ಪರಿಮಳಕ್ಕೆ ಸಭಾಂಗಣದ ತುಂಬ ಮೂಗು ಅರಳಿದವು. ಆದರೆ ಏನು ಸೋಜಿಗ, ಯಾರೂ ಮುಟ್ಟಲಿಲ್ಲ! ಮೈಸೂರಿನ ಲಲಿತಾಂಬ ಎನ್ನುವವರು "ನಂಗೆ ಬದನೇಕಾಯಿ ನಂಜು ಕಣ್ರೀ" ಎಂದರು. ಮಂಗಳೂರು ಕಡೆಯ ಒಬ್ಬರು "ಗ್ಯಾಸ್ ಆಗ್ತದೆ ಮಾರಾಯ್ರೆ" ಎಂದರು. ಕಾರ್ಯದರ್ಶಿ ಪಾತ್ರೆಯ ಕಡೆ ನೋಡುತ್ತ ನೋಡುತ್ತ ಬರೀ ಮೊಸರನ್ನ ಬಡಿಸಿಕೊಂಡ, ಪಾಪ.

ನೀಲಮ್ಮನವರ ಕಣ್ಣು ತುಂಬಿತು. ಸೆರಗು ಬಾಯಿಗೆ ಹಿಡಿದು, "ನನ್ನ ಕೈ ಕೆಟ್ಟೈತೇನ್ರಪಾ?" ಎಂದು ಕೇಳಿದರು. "ಈ ಊರಿಗೆ ಬಂದು ಎಂಟು ತಿಂಗಳಾತು. ಮಾತಾಡಾಕ ಒಂದು ನರಪಿಳ್ಳಿ ಇಲ್ಲ. ಅಡಗಿ ಮಾಡ್ಕೊಂಡು ಹ್ವಾದ್ರ ನಾಕು ಮಂದಿ ಮಾತಾಡಸ್ತಾರ ಅನ್ಕೊಂಡಿದ್ದೆ."

ಸಾಹುಕಾರ ಅವರ ಎದುರಿಗೇ ನಿಂತಿದ್ದ. ಬಾಯಿಬಿಟ್ಟರೆ ಫಲ ಹೋಗುತ್ತದೆ. ಬಿಡದಿದ್ದರೆ ಈ ತಾಯಿ ಅಳುತ್ತಾಳೆ. ಏನು ಮಾಡಬೇಕು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅವನು ಕಣ್ಣು ಮುಚ್ಚಿ ಹೇಳಿಯೇಬಿಟ್ಟ: "ನಿಮ್ಮ ಕೈ ಬಂಗಾರದಂಥಾ ಕೈರಿ, ಯವ್ವಾ. ತಪ್ಪು ನಂದು. ಗುರೂಜಿ ನನಗ ಬದನಿಕಾಯಿ ಬ್ಯಾಡಂದಾರ, ನಲವತ್ತೆಂಟು ದಿನ."



"ಅಯ್ಯೋ ಶಿವನೇ!" ಎಂದರು ಲಲಿತಾಂಬ. "ನಿಮಗೂ ಬದನೇಕಾಯೇನಾ? ನಂದು ಇವತ್ತಿಗೆ ಇಪ್ಪತ್ತೊಂದನೇ ದಿನ!"

"ನನ್ನದು ಹನ್ನೆರಡು, ಮಾರಾಯ್ರೆ!"

"ನಂದು ನಾಳೆಗೆ ಮುಗೀತಿತ್ತಲ್ರೀ!" ಎಂದು ಮೊಸರನ್ನದ ತಟ್ಟೆ ಹಿಡಿದ ಕಾರ್ಯದರ್ಶಿ ಗೋಳಾಡಿದ.

ಎಣಿಸಿದರೆ ಇಪ್ಪತ್ತಾರು ಮಂದಿ! ಇವರು ಮುಟ್ಟದ್ದನ್ನು ನೋಡಿ ಉಳಿದವರೂ ಹಿಂಜರಿದಿದ್ದರು. ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು, ಅದೇ ಕೋಣೆ, ಅದೇ ಗುರೂಜಿ, ಅದೇ ಬದನೆಕಾಯಿ. ನಗು ಎಲ್ಲಿ ಶುರುವಾಯಿತೋ ಗೊತ್ತಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು, ಗೋಡೆಗೆ ಆತುಕೊಂಡು ನಕ್ಕರು. ನೀಲಮ್ಮನವರೂ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಅವರು ಸಾಹುಕಾರನ ಮೊಣಕೈ ಹಿಡಿದು ಕೇಳಿದರು: "ಅದಿರಲಿ ತಮ್ಮಾ, ನಿನಗ ಏನಾಗೇತಿ?"

ಕೇಳಿದಿರಾ ಆ ಪ್ರಶ್ನೆ? ಇಪ್ಪತ್ತೈದು ವರ್ಷದಲ್ಲಿ ಆ ಸಭಾಂಗಣದಲ್ಲಿ ಯಾರೂ ಯಾರಿಗೂ ಕೇಳದ ಪ್ರಶ್ನೆ. ಅವನು ಎಲ್ಲರ ಮುಂದೆ ಹೇಳಿದ. ಮಗಳು ಡಾಕ್ಟರ್ ಅಲ್ಲ, ಬ್ರೆಡ್ ಸುಡುತ್ತಾಳೆ, ನಾನೇ ಬರಬೇಡ ಅಂದೆ ಎಂದ. ಆಕಾಶ ಕಳಚಿ ಬೀಳುತ್ತದೆ ಎಂದು ಕಾದ. ಬೀಳಲಿಲ್ಲ. ಲಲಿತಾಂಬ, "ಅಷ್ಟೇನಾ? ನಮ್ಮೆಜಮಾನ್ರಿಗೆ ಕೆಲಸ ಹೋಗಿ ಐದು ತಿಂಗಳಾಯ್ತು. ದಿನಾ ಟೈ ಕಟ್ಕೊಂಡು ಲೈಬ್ರರೀಲಿ ಕೂತು ಬರ್ತಾರೆ" ಎಂದರು. ಯಜಮಾನರು ಅಲ್ಲೇ ನಿಂತಿದ್ದರು. ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು ನಕ್ಕರು.

ಸಾಹುಕಾರ ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದ.

"ಎಲ್ಲಿದ್ದೀಯವಾ?"

"ಬೇಕರಿಯಾಗ. ಯಾಕಪ್ಪಾ, ಆರಾಮ ಅದೀ ಇಲ್ಲೋ?"

"ಬಾಗಲಾ ಹಾಕ್ಕೊಂಡು ಸಂಘಕ್ಕ ಬಾ. ಎಲ್ಲಾರೂ ಊಟಕ್ಕ ನಿನ್ನ ದಾರಿ ಕಾಯಾಕತ್ತಾರ."

"ಅವರಿಗೆ ಏನಂತ ಹೇಳೀ?"

"ಇದ್ದದ್ದು ಇದ್ದಂಗ ಹೇಳೀನವಾ. ತಪ್ಪಾತು, ಬಾ."

ಅರ್ಧ ಗಂಟೆಯಲ್ಲಿ ಆ ಹುಡುಗಿ ಬಂದಳು. ಬಾಗಿಲಲ್ಲೇ ಹಿಂಜರಿದು ನಿಂತಳು. ಅಪ್ಪ ಎದ್ದು ಹೋಗಿ ಕೈಹಿಡಿದು ಕರೆತಂದು ಮೊದಲ ಸಾಲಿನ ತನ್ನ ಕುರ್ಚಿಯಲ್ಲಿ ಕೂರಿಸಿದ. ಅವಳು ತುತ್ತು ಮಾಡಿ ಕೊಟ್ಟಳು. ಇಳಿಯಿತಾ? ಮೂರು ರೊಟ್ಟಿ ಇಳಿದವು! ಎಣ್ಣೆಗಾಯಿಯ ಪಾತ್ರೆಯನ್ನು ಬೆರಳಿನಿಂದ ಬಳಿದವನು ಕಾರ್ಯದರ್ಶಿ.

ಈಗ ನಿಮ್ಮ ಕಡೆ ಬರುತ್ತೇನೆ. ಸ್ವಾಮೀಜಿ ಔಷಧ ನಿಲ್ಲಿಸಿ ಅಂದರು ಎಂದು ಹೊರಗೆ ಹೋಗಿ ಹೇಳಿದರೆ ಜೋಕೆ! ರೋಗಕ್ಕೆ ಡಾಕ್ಟರೇ ಬೇಕು. ನಾನು ಹೇಳುತ್ತಿರುವುದು ಸಂಕಟದ ವಿಷಯ. ಪರದೇಶದಲ್ಲಿ ನಮ್ಮವರು ಬಾಬಾ, ಗುರೂಜಿ, ಮಂತ್ರದವರು ಎಂದು ಯಾಕೆ ಅಲೆಯುತ್ತಾರೆ? ಮೂಢರು ಎಂದು ಬೈದು ಸುಮ್ಮನಾಗಬೇಡಿ. ಬಾಗಿಲು ತೆಗೆದು ಊಟ ಆತೇನು ಎಂದು ಕೇಳುವವರು ಅವರೊಬ್ಬರೇ ಉಳಿದಿದ್ದಾರೆ, ಅದಕ್ಕೆ ಹೋಗುತ್ತಾರೆ. ಆ ಪ್ರಶ್ನೆ ನಿಮ್ಮದು. ನೀವು ಕೇಳುವುದನ್ನು ಬಿಟ್ಟಿರಿ. ಯಾರಾದರೂ ಹೇಗಿದ್ದೀರಿ ಅಂದರೆ ಫೈನ್, ಫೈನ್! ಆಹಾ, ಎಲ್ಲರೂ ಫೈನ್!

ಇನ್ನು ಮೇಲೆ ವಾರಕ್ಕೊಂದು ಮನೆಗೆ ಹೋಗಿ. ಹಬ್ಬ ಬೇಡ, ಹುಟ್ಟಿದ ದಿನ ಬೇಡ, ಸುಮ್ಮನೆ ಹೋಗಿ. ಹೋಗಿ ನಿಮ್ಮದನ್ನು ಮೊದಲು ಹೇಳಿ. ನಿಮ್ಮದು ಬಿಚ್ಚದೆ ಅವರದನ್ನು ಕೆದಕಿದರೆ ಅದು ಚಾಡಿಯಾಗುತ್ತದೆ. ಕೇಳಿದ್ದನ್ನು ಮೂರನೆಯವರಿಗೆ ದಾಟಿಸಬೇಡಿ.

ಇವತ್ತೇ ಶುರು ಮಾಡೋಣ. ಪ್ರವಚನ ಮುಗಿದ ಮೇಲೆ ನನ್ನನ್ನು ಒಬ್ಬೊಬ್ಬರೇ ಖಾಸಗಿಯಾಗಿ ನೋಡಬೇಕು ಎಂದು ಹೆಸರು ಬರೆಸಿದ್ದೀರಿ. ಪಟ್ಟಿ ಇಲ್ಲಿದೆ, ಮೂವತ್ತೊಂದು ಹೆಸರು. ಹೆದರಬೇಡಿ, ಓದುವುದಿಲ್ಲ. ಆದರೆ ನಾನು ಯಾರನ್ನೂ ಒಳಗೆ ಕರೆಯುವುದೂ ಇಲ್ಲ. ನಾಳೆ ವಿಮಾನ ಹತ್ತಿ ಹೋಗುವವನು ನಾನು. ನಾಡಿದ್ದು ಸಂಕಟವಾದರೆ ಯಾರಿದ್ದಾರೆ ನಿಮಗೆ? ಈ ಪಕ್ಕದ ಕುರ್ಚಿಯವರೇ ಅಲ್ಲವೇ? ಹೆಸರು ಬರೆಸಿದವರೆಲ್ಲ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂತುಕೊಳ್ಳಿ. ಒಂಟಿಯಾಗಿ ಕೂರಬೇಕಾದೀತು ಎಂದು ನಾಚಬೇಡಿ, ಮೂವತ್ತೊಂದು ಜನ ಇದ್ದೀರಿ.

ನನಗೂ ಒಂದು ಸಂಕಟ ಇದೆಯಪ್ಪ, ಬಹಳ ದಿನದಿಂದ. ಸ್ವಾಮಿಗಳನ್ನು ಯಾರೂ ಕೇಳುವುದಿಲ್ಲ. ಮೂವತ್ತೆರಡನೆಯ ಎಲೆ ನನಗೆ ಹಾಕಿ.