ಹಳ್ಳದ ಬೀಗರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಸಮುದ್ರ ದಾಟಿ ಬಂದಿರುವ ಅತಿಥಿಗಳೇ, ಅವರ ಕಿವಿಗೆ ನನ್ನ ಮಾತು ಮುಟ್ಟಿಸುತ್ತಿರುವ ಅನುವಾದಕರೇ, ಕೊನೆಯ ಸಾಲಿನಲ್ಲಿ ಕೈಚೀಲ ಹೆಗಲಿಗೇರಿಸಿಕೊಂಡೇ ಕೂತಿರುವ ನಮ್ಮ ದೊಡ್ಡಮ್ಮನೂ ಸೇರಿದಂತೆ ಎಲ್ಲ ಸಭಿಕರೇ,

ನಾನು ಬೋರ್ಡು ಬರೆಯುವವಳು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ, ಏಣಿಯ ಮೇಲೆ ನಿಲ್ಲಲು ಆಗುತ್ತದೆ. ಈ ಪರದೆಯ ಹಿಂದಿರುವ ಬೋರ್ಡು ನನ್ನ ಕೈಯದೇ. ಅಧ್ಯಕ್ಷರು ಅದನ್ನು ಅನಾವರಣ ಮಾಡುವ ಮೊದಲು ಎರಡು ಮಾತಾಡು ಎಂದರು. ಎರಡಕ್ಕೆ ಮುಗಿಯುವುದಿಲ್ಲ.

ನಮ್ಮ ಬೀದಿಯ ಹಿಂದೆ ಹಳ್ಳವಿದೆ. ಅದರ ಕಸ ಎತ್ತುವವರು ಬೀದಿಯ ಹೆಂಗಸರು. ಮುಂದಾಳು ದೊಡ್ಡಮ್ಮ, ಕಸುಬಿನಲ್ಲಿ ಹೊಲಿಗೆಯವಳು. ಅತಿಥಿಗಳ ಊರಿನ ಸಂಘ ನಮಗೆ ಕೈಗವಸು, ಬಲೆ, ನೀರು ಪರೀಕ್ಷಿಸುವ ಪೆಟ್ಟಿಗೆ ಕಳಿಸಿತು. ಎಲ್ಲ ಚೆನ್ನಾಗಿತ್ತು. ಆಮೇಲೆ ನಮ್ಮ ಅಧ್ಯಕ್ಷರ ಸಮಿತಿಯಿಂದ ಬೋರ್ಡಿನ ಒಕ್ಕಣೆ ಬಂತು: ‘ಈ ಹಳ್ಳವನ್ನು ವಿದೇಶಿ ಮಿತ್ರರು ದತ್ತು ಪಡೆದಿದ್ದಾರೆ.’

ದೊಡ್ಡಮ್ಮನಿಗೆ ಓದಿ ಹೇಳಿದೆ. ಹೊಲಿಗೆ ಯಂತ್ರ ನಿಂತಿತು.

“ದತ್ತಾ? ಯಾಕೆ, ಹಳ್ಳಕ್ಕೆ ಹಿಂದೆ ಮುಂದೆ ಯಾರೂ ಇಲ್ವಾ? ಹೆತ್ತೋರು ಕೈಬಿಟ್ಟ ಮೇಲಲ್ವೇನೇ ದತ್ತು...” ಎಂದವಳು ನನ್ನ ಮುಖ ನೋಡಿ ಸೂಜಿಗೆ ದಾರ ಪೋಣಿಸತೊಡಗಿದಳು.

ನನ್ನನ್ನು ಅವಳ ಮಡಿಲಿಗೆ ಹಾಕಿ ಹೋದವಳು ಅವಳ ತಂಗಿ. ಆ ಪದವನ್ನು ನಮ್ಮ ಮನೆಯಲ್ಲಿ ಆಡುವುದಿಲ್ಲ. ತರಗತಿಯಲ್ಲಿ ಒಮ್ಮೆ ಗಟ್ಟಿಯಾಗಿ ಆಡಿದರು. ಇರಲಿ, ಬೆಂಚಿನ ವಿಷಯ ಆಗಲೇ ಹೇಳಿದೆನಲ್ಲ.

ಮರುದಿನ ಹಳ್ಳಕ್ಕೆ ಯಾರೂ ಇಳಿಯಲಿಲ್ಲ. “ಮಗು ಅವರದಾದ ಮೇಲೆ ಮೂಗೂ ಅವರೇ ಒರೆಸಲಿ” ಎಂದರು. ಸಮಿತಿಯವರು ಬಂದು, “ಬರೀ ಒಂದು ಪದಕ್ಕೆ ಇಷ್ಟು ರಂಪನಾ?” ಎಂದು ಕೇಳಿದರು. ಬರೀ ಪದವೇ? ಪದ ಬರೆದೇ ಹೊಟ್ಟೆ ಹೊರೆಯುವ ನನ್ನನ್ನು ಕೇಳಬೇಕಿತ್ತು.

ಕೊನೆಗೆ ನಾನೇ ಆ ಸಂಘಕ್ಕೆ ವಿಡಿಯೊ ಕರೆ ಮಾಡಿದೆ. ಕರೆ ಎತ್ತಿದವರು ಈ ಅತಿಥಿಯಮ್ಮ, ಅವರ ಊರಿನಲ್ಲಿ ಬಸ್ಸು ಓಡಿಸುತ್ತಾರೆ. ನಿಮ್ಮ ಹೊಳೆಯನ್ನೂ ಒಮ್ಮೆ ತೋರಿಸಿ ಎಂದೆ. ಹಿಂದೆ ಮುಂದೆ ನೋಡಿ ತೋರಿಸಿದರು. ಕೆಸರಿನಲ್ಲಿ ಹಳೆಯ ಹಾಸಿಗೆ, ತಲೆಕೆಳಗಾದ ತಳ್ಳುಗಾಡಿ! ದೊಡ್ಡಮ್ಮ ನಕ್ಕದ್ದು ಬೀದಿಗೆಲ್ಲ ಕೇಳಿತು.

“ತನ್ನ ಕೂಸಿನ ಮೂಗು ಸೋರ್ತಿದ್ರೂ ನಮ್ಮದನ್ನ ಸಾಕೋಕೆ ಬಂದಳಲ್ಲೇ ಪುಣ್ಯಾತ್ಗಿತ್ತಿ! ದತ್ತು ಗಿತ್ತು ಬೇಡ, ಬೀಗರಾಗೋಣ ಅನ್ನು. ಬೀಗರಾದ್ರೆ ಅವರೂ ನಮ್ಮನ್ನ ಅನ್ನಬಹುದು, ನಾವೂ ಅವರನ್ನ ಅನ್ನಬಹುದು.”

ಹೆಂಗಸರು ಮತ್ತೆ ಹಳ್ಳಕ್ಕಿಳಿದರು. ಅಂದಿನಿಂದ ಅವರು ನಮ್ಮ ಹಳ್ಳಕ್ಕೆ ಹೆಸರಿಡುತ್ತಾರೆ, ನಾವು ಅವರ ಹೊಳೆಗೆ. ಅಲ್ಲಿನ ಹಾಸಿಗೆ ಮೇಲೆ ಬಂದಿದೆ. ತಳ್ಳುಗಾಡಿ ಇನ್ನೂ ಅಲ್ಲೇ ಇದೆ, ಬೀಗಿತ್ತಿಯವರೇ, ನಾವು ಮರೆತಿಲ್ಲ.

ಅಧ್ಯಕ್ಷರೇ, ಒಕ್ಕಣೆ ಬದಲಿಸಬೇಡ ಎಂದಿರಿ. ನಾನು ಹೂಂ ಎನ್ನಲಿಲ್ಲ, ನೀವು ಗಮನಿಸಲಿಲ್ಲ. ಆ ಪದ ಕಂಡರೆ ದೊಡ್ಡಮ್ಮ ಎದ್ದು ಹೋಗುತ್ತಾಳೆ, ಅವಳ ಹಿಂದೆ ಇಡೀ ಬೀದಿ ಏಳುತ್ತದೆ. ನಾಳೆ ಹಳ್ಳದ ಪಕ್ಕ ಬೋರ್ಡು ಮಾತ್ರ ನಿಂತಿರುತ್ತದೆ. ಆದ್ದರಿಂದ ನಾನು ಬರೆದಿರುವುದು ಇಷ್ಟು: ‘ಈ ಹಳ್ಳ ಈ ಬೀದಿಯದು. ಇದರ ಬೀಗರು ಕಡಲಾಚೆ ಇದ್ದಾರೆ.’ ಒಪ್ಪದಿದ್ದರೆ ಒರೆಸಿಬಿಡಿ, ಬಣ್ಣ ಇನ್ನೂ ಹಸಿ. ಆದರೆ ‘ದತ್ತು’ ಎಂದು ಬರೆಯಲು ಬೇರೆ ಕೈ ಹುಡುಕಿಕೊಳ್ಳಿ.

ಅನುವಾದಕರೇ, ಬೀಗರು ಎಂಬುದಕ್ಕೆ ಪದ ಸಿಕ್ಕಿತೇ? ಅತಿಥಿಯಮ್ಮ ನಗುತ್ತಿದ್ದಾರೆ, ಸಿಕ್ಕಿರಬೇಕು.

ಇಷ್ಟು ಹೊತ್ತು ತಾಳಿಕೊಂಡದ್ದಕ್ಕೆ ತಮಗೆಲ್ಲ ವಂದನೆ. ಪರದೆ ಸರಿಸಿ. ಅಮ್ಮಾ, ಚೀಲ ಕೆಳಗಿಡು.

ನಮಸ್ಕಾರ.