ಸಾಹೇಬರ ಹೆಸರಿದ್ದ ಸಾಲು

ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಭದ್ರಾವತಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗಿ, ಅವಳಿಗೆ ಒತ್ತಿಕೊಂಡು ಕೀಪ್ಯಾಡ್ ಫೋನ್ ಹಿಡಿದ ಅವಳ ಅತ್ತೆ.

“ಸ್ಟಾರ್ ಒತ್ತಿ ನಂಬರ್ ಹೊಡಿ ಅತ್ತೆ. ನಾನು ಮಾಡಿರೋ ಆಸ್ಪತ್ರೆ ಟೋಕನ್ ಮೆನು ಬರುತ್ತೆ. ನಿಂಗೆ ಇಂಟರ್‌ನೆಟ್ ಬೇಡ, ಅದನ್ನ ನಡೆಸೋ ಸರ್ವರ್ ಸದ್ಯಕ್ಕೆ ಈ ಲ್ಯಾಪ್‌ಟಾಪಲ್ಲೇ ಇದೆ.”

“ಬಂತು. ‘ನಮಸ್ಕಾರ. ಮಾನ್ಯ ನಿರ್ದೇಶಕರಾದ ಶ್ರೀ ತ್ರಿವಿಕ್ರಮ ಅವರ ಮಾರ್ಗದರ್ಶನದಲ್ಲಿ...’ ಅಯ್ಯೋ, ಹೋಯ್ತು ಕವನ!”

“ಮೂರನೇ ಸಲ. ಟೈಮ್ ಮುಗಿಯೋದ್ರೊಳಗೆ ಪೂರ್ತಿ ಓದಿ ನಂಬರ್ ಒತ್ತದಿದ್ರೆ ತಾನೇ ಕಟ್ ಆಗುತ್ತೆ. ಮಧ್ಯಾಹ್ನ ಭದ್ರಾವತಿ ಮೀಟಿಂಗಲ್ಲೂ ಹಿಂಗೇ ಆದ್ರೆ ಕೀಪ್ಯಾಡ್ ಫೋನಿನವರಿಗೆ ಈ ಸೇವೆನೇ ಬೇಡ ಅಂದಿದಾರೆ ಸಾಹೇಬ್ರು. ನೀವೆಲ್ಲ ಓದೋದು ನಿಧಾನ ಅಂತೆ.”

“ನಾನು ನಿಧಾನ ಅಲ್ಲ ಮಾರಾಯ್ತಿ, ಅವರ ಹೆಸರು ಉದ್ದ. ಜ್ವರ ಬಂದು ಟೋಕನ್ ಕೇಳೋಳಿಗೆ ಅದ್ಯಾಕೆ? ತೆಗಿ.”

“ಆ ಒಂದು ಸಾಲು ಮುಟ್ಟಬೇಡ ಅಂದಿದಾರೆ.”

“ಮುಟ್ಟು.”

ಹುಡುಗಿ ಲ್ಯಾಪ್‌ಟಾಪಿನಲ್ಲಿ ಆ ಸಾಲಿನ ಕೊನೆಗೆ ಹೋದಳು. ಆಮೇಲೆ ಅಳಿಸುವ ಕೀಲಿಯನ್ನು ಒತ್ತಿ ಹಿಡಿದಳು.

“ಈಗ ಹೊಡಿ.”

“‘ಒಂದು, ಟೋಕನ್. ಎರಡು, ಡಾಕ್ಟರ್ ಬರುವ ದಿನ.’ ಒಂದು ಒತ್ತಿದೆ... ಹನ್ನೊಂದು! ನನ್ನ ಟೋಕನ್ ಹನ್ನೊಂದು ಕಣೇ!”

ಬಸ್ ಬಂತು. ಇಬ್ಬರೂ ಲ್ಯಾಪ್‌ಟಾಪ್ ಮುಚ್ಚದೆಯೇ ಎದ್ದರು.

“ಹೆಸರೆಲ್ಲಿ ಅಂತ ಸಾಹೇಬ್ರು ಕೇಳಿದ್ರೆ, ಅತ್ತೆ?”

“ಮೀಟಿಂಗಿಗೆ ನಾನೂ ಬರ್ತೀನಿ. ಅವರ ಮುಂದೆ ನಾನೇ ಒತ್ತಿ ತೋರಿಸ್ತೀನಿ. ಹೆಸರು ಬೇಕಿದ್ರೆ ಬಾಗಿಲಿಗೆ ಬೋರ್ಡ್ ಹಾಕ್ಕೊಳ್ಳಲಿ.”